ಕೋಣೆಯ ಕಛೇರಿ

(ಸಂಘದ ತಿಂಗಳ ಬೈಠಕ್ಕಿನ ವಾರ್ಷಿಕ ಕೂಟದಲ್ಲಿ, ಸಂಗೀತಕ್ಕೆ ಮೊದಲು ಮಾಡಿದ ಭಾಷಣ)



ಹಾಡುವವರೂ ನುಡಿಸುವವರೂ ಸಿದ್ಧರಾಗಿ ಕುಳಿತಿರುವಾಗ, ಅವರಿಗೂ ತಮಗೂ ನಡುವೆ ನಿಂತು ಭಾಷಣ ಮಾಡುವವರನ್ನು ಯಾರೂ ಮೆಚ್ಚುವುದಿಲ್ಲ. ಸಭಿಕರ ಸಾಲಿನಲ್ಲಿ ಕುಳಿತಾಗ ನಾವೂ ಮೆಚ್ಚಿದವರಲ್ಲ. ಆದರೆ ಅಧ್ಯಕ್ಷರ ಅಪ್ಪಣೆಯಾಗಿದೆ. ತಂಬೂರಿ ಶ್ರುತಿಗೆ ಕೂಡಲು ಹೇಗೂ ಒಂದಿಷ್ಟು ಹೊತ್ತು ಬೇಕು. ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ತಾವು ಸೈರಿಸಿಕೊಳ್ಳಬೇಕು.

ಸಂಗೀತದ ವಿಷಯ ಮಾತನಾಡಲು ಇವರಿಗೇನು ಯೋಗ್ಯತೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಈ ಬೈಠಕ್ಕಿನ ಓಡಾಟ ನೋಡಿಕೊಳ್ಳುವ ನಾವು ನಾಲ್ವರೂ ಬ್ಯಾಂಕಿನ ಗುಮಾಸ್ತರು. ಓದಿದ್ದು ಬಿ.ಕಾಂ.; ವಯಸ್ಸು ಮೂವತ್ತರ ಆಚೆ, ನಲವತ್ತರ ಈಚೆ. ಸರಳೆ ವರಸೆಯನ್ನು ಮೂರನೆಯ ಕಾಲದಲ್ಲಿ ಹಾಡಿ ಎಂದರೆ ನಾಲ್ವರೂ ಎದ್ದು ಚಹಾದ ವ್ಯವಸ್ಥೆಗೆ ಹೋಗುತ್ತೇವೆ. ಕಛೇರಿ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥವಿರುವುದು ನಮ್ಮ ಮಟ್ಟಿಗೆ ಬಹಳ ಅನುಕೂಲ. ದಿನವೂ ಹೋಗುವ ಕಛೇರಿಯಿಂದ ಹೊಟ್ಟೆ ತುಂಬುತ್ತದೆ. ತಿಂಗಳಿಗೊಮ್ಮೆ ನಡೆಯುವ ಈ ಇನ್ನೊಂದು ಕಛೇರಿಗೆ ಜಮಖಾನೆ ಹಾಸುವುದು, ನೀರು ತುಂಬಿಡುವುದು, ಖರ್ಚು ಬರೆದಿಡುವುದು ನಮ್ಮ ಪಾಲಿನ ಸಾಧನೆ.

ನಾಲ್ಕನೆಯ ಶನಿವಾರವೇ ಏಕೆ ಎಂದು ಹೊಸ ಸದಸ್ಯರು ಕೇಳುವುದುಂಟು. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಭಾನುವಾರ ಇಡೋಣವೆಂದರೆ ನಮ್ಮ ಮುಂಬಯಿಯ ಲೋಕಲ್ ಗಾಡಿಗಳಿಗೆ ಮೆಗಾಬ್ಲಾಕು. ಕಲ್ಯಾಣದಿಂದ ಹೊರಟವರು ಕಲ್ಯಾಣಿ ಮುಗಿದ ಮೇಲೆ ಬಂದು ತಲುಪುತ್ತಾರೆ. ಹೀಗಾಗಿ ಶನಿವಾರ. ಮಾರ್ಚಿ ತಿಂಗಳೊಂದರಲ್ಲಿ ಮಾತ್ರ ಲೆಕ್ಕ ಮುಗಿಸುವ ಗಡಿಬಿಡಿಯಿಂದ ನಮ್ಮ ಕೈ ಬಿಡುವಾಗುವುದಿಲ್ಲ. ಆಗ ಮನೆಯ ಹೆಂಗಸರೇ ಮುಂದೆ ನಿಂತು ಬೈಠಕ್ ನಡೆಸಿದ್ದಾರೆ, ನಮಗಿಂತ ಚೆನ್ನಾಗಿ ನಡೆಸಿದ್ದಾರೆ.

ಇನ್ನು ವಿಷಯಕ್ಕೆ ಬರುತ್ತೇವೆ. ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸೂಚನೆ ಬಂದಿದೆ. ಈ ತಿಂಗಳ ಬೈಠಕ್ಕನ್ನು ನಿಲ್ಲಿಸುವುದು. ಇದಕ್ಕೆ ಹೋಗುವ ಹಣವನ್ನೂ ಶ್ರಮವನ್ನೂ ಕೂಡಿಹಾಕಿ ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ದೊಡ್ಡ ಸಭಾಗೃಹ ಹಿಡಿದು, ಊರಿನಿಂದ ಹೆಸರಾಂತ ಕಲಾವಿದರನ್ನು ಕರೆಸುವುದು. ಸೂಚನೆ ತಂದವರು ನಮ್ಮ ಹಿತೈಷಿಗಳೇ. ಕಳೆದ ತಿಂಗಳು ಬಂದವರು ಇಪ್ಪತ್ತಾರು ಜನ. ಅದಕ್ಕೆ ಹಿಂದಿನ ತಿಂಗಳು ಹತ್ತೊಂಬತ್ತು, ಅದರಲ್ಲಿ ಐವರು ಹಾಡುವವರ ಮನೆಯವರು. ಇಷ್ಟು ಜನಕ್ಕಾಗಿ ಇಷ್ಟು ಒದ್ದಾಟವೇಕೆ ಎಂಬುದು ಅವರ ಪ್ರಶ್ನೆ. ಮಹಾಸಭೆಯಲ್ಲಿ ಇದಕ್ಕೆ ಕೈ ಎತ್ತುವ ಮೊದಲು ಏನನ್ನು ನಿಲ್ಲಿಸಲು ಹೊರಟಿದ್ದೇವೆ ಎಂಬುದನ್ನು ತಮ್ಮ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಧಾರವಾಡದ ಕಡೆಯವರಿಗೂ ಈ ಮುಂಬಯಿಯವರಿಗೂ ಇದು ಬೈಠಕ್ಕು. ಮೈಸೂರಿನ ಕಡೆಯವರಿಗೆ ಮನೆ ಕಛೇರಿ. ಇಂಗ್ಲೀಷಿನಲ್ಲಿ ಹೇಳುವವರಿಗೆ ಚೇಂಬರ್ ಮ್ಯೂಸಿಕ್ಕು. ಚೇಂಬರ್ ಎಂದರೆ ಕೋಣೆ. ಕೇಳುವವರು ಹಾಡುವವರ ಕೈಗೆಟುಕುವ ದೂರದಲ್ಲಿ ಕುಳಿತಿರುವ ಸಂಗೀತ ಎಂದಿಷ್ಟು ಅರ್ಥ ಮಾಡಿಕೊಂಡರೆ ಸಾಕು. ಈ ದೂರ ಕಡಮೆಯಾಗುವುದರಿಂದ ಏನಾಗುತ್ತದೆಂಬುದಕ್ಕೆ ವೀಣೆಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ವೀಣೆಗೆ ಏಳು ತಂತಿ. ನಾಲ್ಕು ನುಡಿಸುವುದಕ್ಕೆ, ಮೂರು ತಾಳಕ್ಕೆ. ಮೇಣದ ಮೇಲೆ ಕೂರಿಸಿದ ಇಪ್ಪತ್ತನಾಲ್ಕು ಮೆಟ್ಟಿಲು. ಒಮ್ಮೆ ಮೀಟಿದ ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಎಳೆದು, ಅದೇ ಮೀಟಿನಲ್ಲಿ ಎರಡು ಮೂರು ಸ್ವರ ಮೇಲಕ್ಕೆ ಒಯ್ಯುತ್ತಾರೆ. ಎಳೆಯುತ್ತಿರುವಾಗಲೇ ನಾದ ಕ್ಷೀಣಿಸುತ್ತಿರುತ್ತದೆ. ಗಮಕದ ಸೊಗಸೆಲ್ಲ ಆ ಕ್ಷೀಣಿಸುವ ನಾದದಲ್ಲಿದೆ. ಮೈಸೂರಿನ ವೀಣೆ ಶೇಷಣ್ಣನವರ (1852–1926) ಕೈ ಪಳಗಿದ ಕಾಲದಲ್ಲಿ ಮೈಕೆಂಬುದೇ ಇರಲಿಲ್ಲ. ಕೇಳುವವರೇ ಹತ್ತಿರ ಸರಿದು ಕುಳಿತುಕೊಳ್ಳಬೇಕಾಗಿತ್ತು. ಈಗ ವೀಣೆಗೆ ಅಂಟಿಸುವ ಮೈಕು ಬಂದಿದೆ, ನಾದ ಹಿಂದಿನ ಸಾಲಿಗೂ ಮುಟ್ಟುತ್ತದೆ, ಇದು ಒಳ್ಳೆಯದೇ. ಆದರೆ ಹಾಗೆ ಮುಟ್ಟುವ ನಾದದಲ್ಲಿ ಮೀಟು ದೊಡ್ಡದಾಗಿ ಕೇಳುತ್ತದೆ, ಎಳೆತ ಸಣ್ಣಗಾಗುತ್ತದೆ. ನಮ್ಮ ಕೋಣೆಯಲ್ಲಿ ಮೈಕಿಲ್ಲ. ವೀಣೆ ಕೇಳಬೇಕಾದರೆ ಫ್ಯಾನು ನಿಲ್ಲಿಸಬೇಕು. ಮೇ ತಿಂಗಳ ಮುಂಬಯಿಯಲ್ಲಿ ಫ್ಯಾನು ನಿಲ್ಲಿಸಿ ಮುಕ್ಕಾಲು ಗಂಟೆ ಕುಳಿತ ಇಪ್ಪತ್ತು ಜನ ಬೆವರುತ್ತಾ, ಕರವಸ್ತ್ರವನ್ನು ಕೂಡ ಸದ್ದಾಗದಂತೆ ತೆಗೆಯುತ್ತಾ, ಒಂದು ತೋಡಿಯ ಆಲಾಪನೆಯನ್ನು ಕೊನೆಯವರೆಗೆ ಕೇಳಿದರು. ಇವರಿಗಿಂತ ಒಳ್ಳೆಯ ಶ್ರೋತೃಗಳನ್ನು ಎಷ್ಟು ಬಾಡಿಗೆ ತೆತ್ತರೂ ತಂದು ಕೂರಿಸಲಾಗದು.

ಆ ವೀಣೆ ನಮ್ಮೆಲ್ಲರ ವೀಣೆ ಅಮ್ಮನವರದು. ಮದುವೆಯಾಗಿ ಈ ಊರಿಗೆ ಬರುವಾಗ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ವೀಣೆಗೂ ಒಂದು ಟಿಕೀಟು ಕೊಂಡು, ಕಿಟಕಿಯ ಪಕ್ಕದ ಜಾಗವನ್ನು ಅದಕ್ಕೇ ಕೊಟ್ಟು ಬಂದವರು. ಆಮೇಲೆ ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಜಾಗವಿಲ್ಲದೆ ಎಷ್ಟೋ ವರ್ಷ ಮಂಚದ ಕೆಳಗಿತ್ತು. ನಮ್ಮ ಬೈಠಕ್ಕು ಆರಂಭವಾದ ಮೇಲೆ ಹೊರಗೆ ಬಂತು. ಇಲ್ಲಿಯ ಸಮುದ್ರದ ಹವೆಗೆ ಮೇಣ ಸಡಿಲುತ್ತದೆ, ಮೆಟ್ಟಿಲು ಜಾರುತ್ತದೆ. ಮತ್ತೆ ಮೇಳ ಕಟ್ಟಿಸಬೇಕೆಂದರೆ ಬಲ್ಲವರು ಊರಿನಿಂದ ಬರಬೇಕು, ಇಲ್ಲವೇ ವೀಣೆಯೇ ಊರಿಗೆ ಹೋಗಬೇಕು. ಕಳೆದ ಸಲ ಅದು ಹೋಗಿ ಬಂದದ್ದು ಅಮ್ಮನವರ ಸ್ವಂತ ಖರ್ಚಿನಲ್ಲಿ. ಸಂಘದ ಖಾತೆಯಲ್ಲಿ ಅದಕ್ಕೊಂದು ಸಾಲು ಇಲ್ಲ. ಈ ಸಂಗತಿಗೆ ಮುಂದೆ ಮರಳಿ ಬರುತ್ತೇವೆ.

ಪಾಶ್ಚಾತ್ಯರಲ್ಲಿಯೂ ಕೋಣೆಯ ಸಂಗೀತ ಬೆಳೆದದ್ದು ಮನೆಗಳಲ್ಲಿಯೇ. ಎರಡು ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಿಯೋಲಾ, ಮೊಣಕಾಲಿನ ನಡುವೆ ನಿಲ್ಲಿಸಿ ನುಡಿಸುವ ಚೆಲ್ಲೋ, ಇಷ್ಟಾದರೆ ಅವರ ಮೇಳ ಪೂರ್ತಿ. 1780ರ ದಶಕದಲ್ಲಿ ವಿಯೆನ್ನಾ ನಗರದ ಒಂದು ಮನೆಯಲ್ಲಿ ಹೀಗೆ ನಾಲ್ವರು ಕುಳಿತು ನುಡಿಸಿದರಂತೆ. ಅಲ್ಲಿದ್ದ ಮೈಕೆಲ್ ಕೆಲಿ ಎಂಬ ಗಾಯಕನು ತನ್ನ ನೆನಪುಗಳನ್ನು 1826ರಲ್ಲಿ ಅಚ್ಚು ಮಾಡಿಸಿದಾಗ ಅದನ್ನು ಬರೆದಿದ್ದಾನೆ. ನುಡಿಸಿದ್ದು ಪರವಾಗಿಲ್ಲ, ಆದರೆ ಆ ನಾಲ್ವರಲ್ಲಿ ಯಾರದೂ ಅವರವರ ವಾದ್ಯದಲ್ಲಿ ಅಸಾಧಾರಣವಾದ ಕೈ ಅಲ್ಲ ಎಂಬುದು ಅವನ ಅಭಿಪ್ರಾಯದ ಸಾರ. ಆ ನಾಲ್ವರ ಹೆಸರು ಹೇಡನ್, ಡಿಟರ್ಸ್‌ಡಾರ್ಫ್, ಮೊಜಾರ್ಟ್ ಮತ್ತು ವಾನ್‌ಹಾಲ್! ನಮ್ಮ ಬೈಠಕ್ಕು ಮುಗಿದು ಮೆಟ್ಟಿಲಿಳಿಯುವಾಗ ‘ಏನೋ ಪರವಾಗಿಲ್ಲ’ ಎನ್ನುವ ಮಹನೀಯರು ಇದನ್ನು ಒಮ್ಮೆ ನೆನೆದುಕೊಳ್ಳಬಹುದು. ನಮ್ಮವರು ಮೊಜಾರ್ಟ್ ಎಂದು ನಾವು ಹೇಳುತ್ತಿಲ್ಲ. ಕೋಣೆಯಲ್ಲಿ ಕುಳಿತವರನ್ನು ಕೋಣೆಯ ತಕ್ಕಡಿಯಲ್ಲಿ ತೂಗಬೇಕೆಂದು ಹೇಳುತ್ತಿದ್ದೇವೆ.

ಅಷ್ಟು ದೂರವೇಕೆ, ಈ ಊರಿನ ಮಾತೇ ಸಾಕು. ಗಿರಗಾಂವಿನ ಲಕ್ಷ್ಮೀಬಾಗ್, ಟ್ರಿನಿಟಿ ಕ್ಲಬ್ಬು ಮೊದಲಾದ ಕಡೆಗಳಲ್ಲಿ ನೆಲದ ಮೇಲೆ ಕುಳಿತು ಕೇಳಿದವರಿಂದಲೇ ಮುಂಬಯಿಗೆ ಸಂಗೀತದ ಊರೆಂಬ ಹೆಸರು ಬಂದದ್ದು. ಕನ್ನಡ ನಾಡಿನ ಸಂಗೀತಗಾರರಿಗೆ ಈ ಕೋಣೆಗಳ ಋಣವಿದೆ, ಈ ಕೋಣೆಗಳಿಗೆ ಅವರ ಋಣವೂ ಇದೆ. ಧಾರವಾಡದ ಹತ್ತಿರದ ಮನಸೂರಿನಿಂದ ಬಂದ ಮಲ್ಲಿಕಾರ್ಜುನ ಮನಸೂರರು (1910–1992) ಉಸ್ತಾದ್ ಅಲ್ಲಾದಿಯಾ ಖಾನರ ಮಗ ಮಂಜೀಖಾನರಿಂದ ಪಾಠ ಹೇಳಿಸಿಕೊಂಡದ್ದು ಇಲ್ಲಿಯೇ. ಬೆಳಗಾವಿಯ ಹತ್ತಿರದ ಸುಳೇಭಾವಿಯ ಹುಡುಗ ಶಿವಪುತ್ರ, ಮುಂದೆ ಕುಮಾರ ಗಂಧರ್ವರೆಂದು ಲೋಕಕ್ಕೆ ಗೊತ್ತಾದವರು, ಬಾಲಕನಾಗಿದ್ದಾಗಲೇ ಇಲ್ಲಿಗೆ ಬಂದು ಬಿ. ಆರ್. ದೇವಧರರ ಸಂಗೀತಶಾಲೆ ಸೇರಿದರು. ಕುಂದಗೋಳದ ಸವಾಯಿ ಗಂಧರ್ವರಲ್ಲಿ (1886–1952) ಕಲಿತವರೆಂದರೆ ನಮಗೆ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ನೆನಪಾಗುತ್ತಾರೆ. ಈ ಮುಂಬಯಿಯ ಪಾರ್ಸಿ ಮನೆತನದ ಫಿರೋಜ್ ದಸ್ತೂರರೂ ಅದೇ ಗುರುವಿನ ಶಿಷ್ಯರೆಂಬುದನ್ನು ನಮ್ಮ ಮರಾಠಿ ನೆರೆಹೊರೆಯವರಿಗೆ ಹೇಳುವಾಗ ನಮ್ಮ ದನಿ ಕೊಂಚ ಏರುತ್ತದೆ.

ಸವಾಯಿ ಗಂಧರ್ವರ ಹೆಸರಿನಲ್ಲಿ ಇಂದು ಎರಡು ಉತ್ಸವಗಳಿವೆ. ಒಂದು ಪುಣೆಯದು; ಭೀಮಸೇನ ಜೋಶಿಯವರ ಶ್ರಮದಿಂದ 1953ರಲ್ಲಿ ಮೊದಲಾಗಿ, ಈಗ ಸಾವಿರ ಸಾವಿರ ಜನ ಚಪ್ಪರದಲ್ಲಿ ಕುಳಿತು ಕೇಳುವಷ್ಟು ಬೆಳೆದಿದೆ. ಇನ್ನೊಂದು ಕುಂದಗೋಳದ್ದು, ನಾಡಗೇರರ ವಾಡೆಯಲ್ಲಿ, ಹಳೆಯ ಮನೆಯ ಕಂಬಗಳ ನಡುವೆ ನಡೆಯುವಂಥದು. ಒಬ್ಬ ಗುರುವಿಗೆ ಎರಡೂ ಸಂದವು. ಪುಣೆಯ ಚಪ್ಪರ ಇದೆಯೆಂದು ಕುಂದಗೋಳದ ವಾಡೆಗೆ ಯಾರೂ ಬೀಗ ಹಾಕಲಿಲ್ಲ. ದೊಡ್ಡ ಸಭಾಗೃಹ ಬೇಡವೆಂದು ನಾವೂ ಹೇಳುವವರಲ್ಲ. 1963ರಲ್ಲಿ ಕಟ್ಟಿ, 1990ರ ಬೆಂಕಿಯ ತರುವಾಯ ಮತ್ತೆ ಎದ್ದ ಷಣ್ಮುಖಾನಂದ ಸಭಾಗೃಹದಲ್ಲಿ 2,700ಕ್ಕೂ ಹೆಚ್ಚು ಆಸನಗಳಿವೆ. ಅದರ ಮೇಲಿನ ಅಂಕಣದಲ್ಲಿ ಕುಳಿತು ನಾವು ಎಷ್ಟೋ ಕಛೇರಿ ಕೇಳಿದ್ದೇವೆ, ಮುಂದೆಯೂ ಕೇಳುತ್ತೇವೆ. ಅಲ್ಲಿ ಹೋಗಿ ಕುಳಿತಾಗ ಇದು ಹಿಂದೋಳ, ಇದು ಮೋಹನ ಎಂದು ಗುರುತು ಸಿಗುವುದು ಮಾತ್ರ ಈ ಜಮಖಾನೆಯ ಮೇಲೆ ಕುಳಿತು ಕಲಿತದ್ದರಿಂದ.

ಹಿಂದೋಳವೆಂದಾಗ ಒಂದು ಸಂಗತಿ ಜ್ಞಾಪಕಕ್ಕೆ ಬರುತ್ತದೆ. ಊರಿನಲ್ಲಿದ್ದಿದ್ದರೆ ನಮ್ಮ ಸದಸ್ಯರಲ್ಲಿ ಅರ್ಧದಷ್ಟು ಜನ ಇನ್ನರ್ಧದವರ ಸಂಗೀತವನ್ನು ಕೇಳುತ್ತಲೇ ಇರಲಿಲ್ಲ. ಧಾರವಾಡ, ವಿಜಯಪುರ, ಬೆಳಗಾವಿಯವರಿಗೆ ಹಿಂದೂಸ್ತಾನಿ. ಮೈಸೂರು, ಬೆಂಗಳೂರಿನವರಿಗೆ ಕರ್ನಾಟಕ ಸಂಗೀತ. ಕರಾವಳಿಯವರಿಗೆ ಇವೆರಡಕ್ಕಿಂತಲೂ ಭಾಗವತರ ಪದ. 1956ರ ನವೆಂಬರ್ 1ರಂದು ನಾಡು ಒಂದಾಯಿತು, 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂತು. ಆದರೆ ಅವರವರ ಕಿವಿ ಅವರವರ ಜಿಲ್ಲೆಯಲ್ಲಿಯೇ ಉಳಿದಿತ್ತು. ಇಲ್ಲಿ ಕೋಣೆ ಒಂದೇ ಇದ್ದುದರಿಂದ ಬೇರೆ ಉಪಾಯವಿರಲಿಲ್ಲ. ಒಂದು ಸಂಜೆ ವೀಣೆ ಅಮ್ಮನವರು ಹಿಂದೋಳ ನುಡಿಸಿ ಮುಗಿಸಿದರು. ಆಮೇಲೆ ಹಾಡಬೇಕಾಗಿದ್ದ ಧಾರವಾಡದ ಅಕ್ಕೋರು ‘ಅಮ್ಮಾರ, ನೀವು ನುಡಿಸಿದ್ದು ನಮ್ಮ ಮಾಲಕಂಸ ಅಲ್ಲೇನ್ರೀ?’ ಎಂದು ಕೇಳಿ, ತಾವು ಸಿದ್ಧ ಮಾಡಿಕೊಂಡು ಬಂದದ್ದನ್ನು ಬಿಟ್ಟು ಅದೇ ಸ್ವರಗಳನ್ನು ಹಿಡಿದು ವಿಳಂಬಿತದಲ್ಲಿ ಹಾಡಿದರು. ಸ್ವರ ಅವೇ ಐದು; ನಡೆ ಬೇರೆ. ಒಬ್ಬರು ಅಲುಗಿಸುವ ಸ್ವರವನ್ನು ಇನ್ನೊಬ್ಬರು ನಿಲ್ಲಿಸಿ ಹಿಡಿದರು. ಮೂರಡಿ ದೂರದಲ್ಲಿ ಕುಳಿತು ಒಂದರ ಬೆನ್ನಿಗೆ ಒಂದು ಕೇಳಿದವರಿಗೆ ಅರ್ಧ ಗಂಟೆಯಲ್ಲಿ ತಿಳಿದದ್ದು ಪುಸ್ತಕ ಓದಿದರೆ ಅರ್ಧ ವರ್ಷಕ್ಕೂ ತಿಳಿಯಲಾರದು. ಅಂದಿನಿಂದ ಜೊತೆ ರಾಗ ಹುಡುಕುವುದು ನಮ್ಮ ಬೈಠಕ್ಕಿನ ಒಂದು ಆಟವಾಗಿದೆ: ಭೂಪಕ್ಕೆ ಮೋಹನ, ದುರ್ಗಾಕ್ಕೆ ಶುದ್ಧ ಸಾವೇರಿ. ಹಿಂದೂಸ್ತಾನಿಯಲ್ಲಿ ಹಿಂದೋಲ ಎಂಬ ಬೇರೆಯೇ ಒಂದು ರಾಗವಿದ್ದು, ಹೆಸರು ನಂಬಿ ಜೊತೆ ಹಾಕಿದವರು ಪೇಚಿಗೆ ಸಿಕ್ಕಿದ್ದೂ ಉಂಟು. ತಾಳದ ಜಗಳ ಮಾತ್ರ ಇನ್ನೂ ತೀರಿಲ್ಲ. ಮೈಸೂರಿನವರು ತೊಡೆಯ ಮೇಲೆ ಕೈ ತಟ್ಟಿ ಬೆರಳು ಎಣಿಸುತ್ತಾರೆ. ಧಾರವಾಡದವರು ‘ಎಣಿಸೋದು ಬ್ಯಾಂಕಿನ್ಯಾಗ ಇರಲಿ’ ಎನ್ನುತ್ತಾರೆ. ಈ ಮಾತಿಗೆ ನಮ್ಮ ಅಭ್ಯಂತರವಿದೆ.

ಅಕ್ಕೋರ ವಿಷಯ ಇನ್ನೆರಡು ಮಾತು ಹೇಳಬೇಕು. ಇವರು ಶಾಲೆಯ ಕೆಲಸ ಮುಗಿಸಿ, ಗಾಡಿಯಲ್ಲಿ ನಿಂತು ಬಂದು, ಮನೆಯ ಅಡಿಗೆ ಮಾಡಿಟ್ಟು ಆಮೇಲೆ ತಂಬೂರಿ ಹಿಡಿಯುವವರು. ದೊಡ್ಡ ವೇದಿಕೆಗೆ ಎಂದೂ ಹತ್ತಿದವರಲ್ಲ. ಕಳೆದ ಮಳೆಗಾಲದಲ್ಲಿ ಹಾಡುತ್ತಾ ತಾರ ಷಡ್ಜಕ್ಕೆ ಬಂದಾಗ ಗಂಟಲು ಕಟ್ಟಿ ದನಿ ಒಡೆಯಿತು. ನಿಲ್ಲಿಸಿದರು. ನೀರು ಕುಡಿದರು. ತಂಬೂರಿ ನಡೆದೇ ಇತ್ತು. ಕೋಣೆಯಲ್ಲಿ ಯಾರೂ ಮಿಸುಕಲಿಲ್ಲ, ಯಾರೂ ಕನಿಕರದ ಚಪ್ಪಾಳೆ ತಟ್ಟಲಿಲ್ಲ. ಅರ್ಧ ನಿಮಿಷದ ಮೇಲೆ ಮಧ್ಯಮದಿಂದ ಮತ್ತೆ ಎತ್ತಿ, ನಿಧಾನವಾಗಿ ಹತ್ತಿ, ಅದೇ ಷಡ್ಜದ ಮೇಲೆ ನಿಂತರು. ದುಡ್ಡು ಕೊಟ್ಟು ಬಂದ ಸಭೆಯಲ್ಲಿ ಆ ಅರ್ಧ ನಿಮಿಷ ಯಾರಿಗೆ ಸಿಕ್ಕೀತು?

ತಬಲಾ ಹಿಡಿಯುವ ನಮ್ಮ ಅಣ್ಣನವರು ಕುಂದಾಪುರದ ಕಡೆಯವರು. ಹುಡುಗರಾಗಿದ್ದಾಗ ಯಕ್ಷಗಾನದ ಮೇಳದಲ್ಲಿ ಮದ್ದಳೆ ಬಾರಿಸಿದವರು. ಈ ಊರಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ರಾತ್ರಿಶಾಲೆಯಲ್ಲಿ ಓದಿ, ಈಗ ಅದೇ ಕಸುಬಿನಲ್ಲಿ ಗಲ್ಲಾದ ಮೇಲೆ ಕುಳಿತಿದ್ದಾರೆ. ಮೊದಲ ಸಲ ನಮ್ಮ ಕೋಣೆಯಲ್ಲಿ ಕೈ ಹಾಕಿದಾಗ ಬಯಲಾಟದ ರಭಸ ಬಿಟ್ಟಿರಲಿಲ್ಲ. ಕೆಳಗಿನ ಮನೆಯವರು ಮೇಲೆ ಬಂದು ಬಾಗಿಲು ತಟ್ಟಿದರು. ಹತ್ತು ಜನ ಕುಳಿತ ಕೋಣೆಗೆ ಎಷ್ಟು ಬೇಕೋ ಅಷ್ಟೇ ಬಾರಿಸುವ ಹದವನ್ನು ಅಣ್ಣನವರು ಎರಡು ವರ್ಷದಲ್ಲಿ ಕಲಿತರು. ಕೆಳಗಿನ ಮನೆಯ ಆ ಮರಾಠಿ ಯಜಮಾನರು ಈಗ ತಪ್ಪದೆ ಬರುವ ಶ್ರೋತೃಗಳಲ್ಲಿ ಒಬ್ಬರು, ಇಂದೂ ಬಂದಿದ್ದಾರೆ. ತೆರೆದ ಜಾಗದಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕಬಾರದೆಂಬ ನಿಯಮ 2000ದಿಂದ ಇದೆ. ನಮಗೆ ಧ್ವನಿವರ್ಧಕವೇ ಇಲ್ಲವಾದರೂ ನೆರೆಹೊರೆಯ ಮರ್ಯಾದೆಗಾಗಿ ನಾವೂ ಹತ್ತಕ್ಕೆ ಮುಗಿಸುತ್ತೇವೆ. ನಡುರಾತ್ರಿಯ ರಾಗಗಳನ್ನು ಒಂಬತ್ತೂವರೆಗೇ ಕೇಳಬೇಕಾದದ್ದು ನಮ್ಮ ಪ್ರಾರಬ್ಧ.

ಪಿಟೀಲಿನ ತರುಣ, ಕೊಳಲಿನ ತರುಣ ಇಬ್ಬರೂ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಪರೀಕ್ಷೆ ಇದ್ದ ತಿಂಗಳು ಕಾಣುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳ ಸಂಗತಿ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲೀಷು, ಮರಾಠಿ, ಹಿಂದಿ ಓದುತ್ತಾರೆ. ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ಹಾಡು ಕಲಿಯಬೇಕಾದರೆ ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲೊಂದು ತೊಡಕು. ನಮ್ಮ ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘ ಎರಡೂ ಇವೆ. ಅವರು ಬರೆಯುವ ಆ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಹನ್ನೆರಡು ವರ್ಷದ ಒಬ್ಬ ಹುಡುಗಿ ಹೀಗೆ ಬರೆದುಕೊಂಡು ಬಂದು ಒಂದು ವಚನ ಹಾಡಿದಳು. ಶ್ರುತಿ ಶುದ್ಧ, ರಾಗ ಶುದ್ಧ. ಆದರೆ ಬಸವಣ್ಣನವರ ‘ಎನ್ನ’ ಅವಳ ಬಾಯಲ್ಲಿ ‘ಏನ್ನ’ ಆಯಿತು, ‘ಒಡೆಯ’ ‘ಓಡೇಯ’ ಆದ. ವಿಜಯಪುರದ ನಮ್ಮ ಹಿರಿಯ ಕಾಕಾ ಎದುರಿಗೇ ಕುಳಿತಿದ್ದರು. ಹಾಡು ಮುಗಿಯುವವರೆಗೆ ಸುಮ್ಮನಿದ್ದು, ‘ಚಲೋ ಹಾಡಿದಿ ಕೂಸ. ಒಡೆಯಾ ಅಂದ್ರ ನಿಂತಾಂವ, ಅವನ್ನ ಓಡಿಸಬ್ಯಾಡ’ ಎಂದರು. ಕೋಣೆಯೆಲ್ಲ ನಕ್ಕಿತು, ಹುಡುಗಿಯೂ ನಕ್ಕಳು, ಎರಡನೆಯ ಸಲ ಸರಿಯಾಗಿ ಹಾಡಿದಳು. ಮರುವಾರದಿಂದ ಕಾಕಾ ಅವಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದಾರೆ. ಅವಳ ಜೊತೆಗೆ ಈಗ ಇನ್ನೂ ಮೂವರು ಮಕ್ಕಳಿದ್ದಾರೆ. ವೇದಿಕೆಯ ಮೇಲೆ, ಬೆಳಕಿನ ಕೆಳಗೆ, ಆರುನೂರು ಜನರ ಮುಂದೆ ಇದೇ ತಪ್ಪಾಗಿದ್ದರೆ ಯಾರೂ ತಿದ್ದುತ್ತಿರಲಿಲ್ಲ. ಕೈಗೆ ಒಂದು ಫಲಕ ಕೊಟ್ಟು ಕಳಿಸುತ್ತಿದ್ದೆವು.

ಇನ್ನು ಲೆಕ್ಕ. ಇದರಲ್ಲಿ ಮಾತ್ರ ನಮಗೆ ಸ್ವಲ್ಪ ಅಧಿಕಾರವಿದೆ. ಬೈಠಕ್ಕಿನ ಇಡೀ ವರ್ಷದ ಖರ್ಚನ್ನು ಕೂಡಿಸಿದರೂ ದೊಡ್ಡ ಸಭಾಗೃಹದ ಒಂದು ಸಂಜೆಯ ಬಾಡಿಗೆಯಾಗುವುದಿಲ್ಲ. ಆದುದರಿಂದ ಇದನ್ನು ನಿಲ್ಲಿಸಿ ಅದನ್ನು ನಡೆಸುವ ಲೆಕ್ಕವೇ ಕೂಡಿಬರುವುದಿಲ್ಲ. ಇಷ್ಟು ಕಡಮೆ ಖರ್ಚು ಹೇಗೆ ಸಾಧ್ಯವಾಯಿತೆಂದು ನೋಡಿದರೆ ಬೇರೊಂದು ಸಂಗತಿ ಹೊರಬೀಳುತ್ತದೆ. ಸಂಘದ ಆಸ್ತಿಯ ಪಟ್ಟಿಯಲ್ಲಿ ಕುರ್ಚಿಗಳಿವೆ, ಒಂದು ಧ್ವನಿವರ್ಧಕವಿದೆ. ವರ್ಷ ವರ್ಷವೂ ಅವುಗಳಿಗೆ ಸವಕಳಿ ಹಾಕುತ್ತೇವೆ. ತಬಲಾದ ಚರ್ಮ ಸವೆಯುತ್ತದೆ, ವೀಣೆಯ ತಂತಿ ಸವೆಯುತ್ತದೆ, ಮೀರಜಿನಿಂದ ತರಿಸಿದ ತಂಬೂರಿಯ ಜವಾರಿ ಕೆಡುತ್ತದೆ. ಅವು ಸಂಘದ ಆಸ್ತಿಯಲ್ಲವಾದ್ದರಿಂದ ಅವುಗಳ ಸವಕಳಿ ನಮ್ಮ ಪುಸ್ತಕದಲ್ಲಿ ಬರುವುದಿಲ್ಲ. ಅಣ್ಣನವರ ಗಲ್ಲಾದಿಂದ, ಅಕ್ಕೋರ ಸಂಬಳದಿಂದ ಹೋಗುತ್ತದೆ. ಊರಿನಿಂದ ಬಂದವರಿಗೆ ಸಂಭಾವನೆ, ಪ್ರಯಾಣ, ವಸತಿ. ನಮ್ಮವರಿಗೆ ಒಂದು ತೆಂಗಿನಕಾಯಿ, ಒಂದು ಹಾರ, ‘ನಮ್ಮವರೇ ಅಲ್ಲವೆ’ ಎಂಬ ಮಾತು. ಈ ಮಾತು ಕೇಳುವುದಕ್ಕೆ ಬಹಳ ಆತ್ಮೀಯವಾಗಿದೆ; ಇದರಿಂದ ತಂತಿ ಕೊಳ್ಳಲಾಗುವುದಿಲ್ಲ. ಅಂಗಡಿಯವನಿಗೂ ಅವರು ‘ನಮ್ಮವರೇ’ ಆಗಿದ್ದರೆ ಬೇರೆ ಮಾತು.

ಮೀರಜಿನ ಸಿತಾರ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಅದನ್ನು ಓದಿ ಎಲ್ಲರೂ ಸಂತೋಷಪಟ್ಟೆವು. ಆದರೆ ವಿದ್ಯುತ್ತಿನ ತಂಬೂರಿ ಗುಂಡಿ ಒತ್ತಿದರೆ ಹಾಡುತ್ತದೆ, ಮೊಬೈಲಿನದು ಪುಕ್ಕಟೆಯೇ ಹಾಡುತ್ತದೆ. ಹೀಗಿರುವಾಗ ಸೋರೆಯ ಬುರುಡೆಯ ತಂಬೂರಿ ಕೊಳ್ಳುವವರಾರು? ಹತ್ತಿಯ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ತಂತಿ ಹೇಗೆ ಒಮ್ಮೆಗೇ ಝೇಂಕರಿಸುತ್ತದೆಂಬುದನ್ನು ಮಕ್ಕಳು ಕಾಣಬೇಕಾದರೆ ಯಾವುದಾದರೊಂದು ಕೋಣೆಯಲ್ಲಿ ಅದು ನಿಂತಿರಬೇಕಷ್ಟೆ.

ನಾವು ಮಹಾಸಭೆಯ ಮುಂದೆ ಇಡಲಿರುವ ಸೂಚನೆ ಇಷ್ಟೇ. ಬೈಠಕ್ಕು ಮುಂದುವರಿಯಲಿ. ಹಾಡಿದವರಿಗೆ, ನುಡಿಸಿದವರಿಗೆ ಪ್ರತಿ ಸಲವೂ ಗೌರವಧನವೆಂದು ಬರೆದು, ರಸೀತಿ ಪಡೆದು, ಲಕ್ಕೋಟೆಯಲ್ಲಿಟ್ಟು ಕೊಡೋಣ; ಮೊತ್ತ ಚಿಕ್ಕದಾದರೂ ಖಾತೆಯಲ್ಲಿ ಅವರ ಹೆಸರಿನ ಸಾಲೊಂದು ಏಳಲಿ. ವಾದ್ಯದ ದುರಸ್ತಿಗೆಂದು ಪ್ರತ್ಯೇಕ ನಿಧಿ ಇರಲಿ. ವೀಣೆಯ ಮೇಳ ಕಟ್ಟಿಸುವ ಖರ್ಚು ಮೊದಲು ಅದರಿಂದ ಹೋಗಲಿ. ಜೊತೆಗೆ, ಕೋಣೆ ಬೇಕು. ಇದುವರೆಗೆ ಆರು ಮನೆಯವರು ಸರದಿಯಂತೆ ತಮ್ಮ ಹಜಾರ ಬಿಟ್ಟುಕೊಟ್ಟಿದ್ದಾರೆ. ಅವರಲ್ಲಿ ಇಬ್ಬರು ನಿವೃತ್ತರಾಗಿ ಊರಿಗೆ ಹೊರಟಿದ್ದಾರೆ, ಒಬ್ಬರ ಕಟ್ಟಡ ಹೊಸದಾಗಿ ಕಟ್ಟಲು ಕೆಡವುತ್ತಿದ್ದಾರೆ. ವೀಣೆ ಅಮ್ಮನವರೂ ಬರುವ ಬೇಸಿಗೆಗೆ ಮೈಸೂರಿಗೆ ಹೋಗುವ ಯೋಚನೆಯಲ್ಲಿದ್ದಾರೆಂದು ಕೇಳಿದೆವು. ಹೋಗುವ ಮುಂಚೆ ಇಬ್ಬರು ಹೆಣ್ಣುಮಕ್ಕಳಿಗೆ ವರ್ಣದವರೆಗಾದರೂ ಪಾಠ ಮುಟ್ಟಿಸುತ್ತೇನೆಂದು ಅವರೇ ಹೇಳಿದ್ದಾರೆ. ಆ ಮಕ್ಕಳು ನುಡಿಸಿ ತೋರಿಸಲು ಅಷ್ಟರೊಳಗೆ ಕನಿಷ್ಠ ನಾಲ್ಕು ಬೈಠಕ್ಕುಗಳಾದರೂ ಬೇಕು. ಇಪ್ಪತ್ತು ಜನ ಕೂರುವಷ್ಟು ಹಜಾರವಿರುವವರು, ಮುಂದಿನ ಮನೆಯವರ ಅನುಮತಿ ಪಡೆದವರು, ಚಹಾದ ಹೊತ್ತಿನಲ್ಲಿ ನಮ್ಮ ಪುಸ್ತಕದಲ್ಲಿ ಹೆಸರು ಬರೆಸಬಹುದು. ಅವಲಕ್ಕಿ, ಚಹಾ ನಮ್ಮದು. ಪಾತ್ರೆಯನ್ನೂ ನಾವೇ ತೊಳೆದಿಟ್ಟು ಬರುತ್ತೇವೆ.

ಇಂದಿನ ಕ್ರಮ ಹೀಗಿದೆ. ಮೊದಲು ಮಕ್ಕಳಿಂದ ಎರಡು ವಚನ, ಒಂದು ದೇವರನಾಮ. ಈ ಸಲ ಕನ್ನಡ ಲಿಪಿಯನ್ನೇ ನೋಡಿಕೊಂಡು ಹಾಡುತ್ತಾರೆ. ಆಮೇಲೆ ವೀಣೆ, ಶುದ್ಧ ಸಾವೇರಿ. ಅದರ ಬೆನ್ನಿಗೆ ಅಕ್ಕೋರ ದುರ್ಗಾ. ನಡುವೆ ಚಹಾ. ಕೊನೆಯಲ್ಲಿ ಪಿಟೀಲು ಮತ್ತು ತಬಲಾ, ಪರೀಕ್ಷೆ ಮುಗಿದಿದೆಯಂತೆ. ಮಹಾಸಭೆ ನಾಳೆಯಲ್ಲ, ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಂದು ಮೆಗಾಬ್ಲಾಕು ಇರುವುದರಿಂದ ಠಾಣೆಯ ಆಚೆಯವರು ಒಂಬತ್ತೂವರೆಗೇ ಮನೆ ಬಿಡಬೇಕಾಗಿ ವಿನಂತಿ.